ಅವರ ಶುಕ್ರವಾರ, ನಮ್ಮ ಶನಿವಾರ

ಹೊರದೇಶದಿಂದ ಬಂದ ಯಾವ ಕಾಗದದಲ್ಲಾದರೂ ಶುಕ್ರವಾರ ಎಂದಿದ್ದರೆ ಅದನ್ನು ಶನಿವಾರ ಎಂದು ಓದಿಕೊಳ್ಳಬೇಕು. ಇದು ನನ್ನ ಅಪ್ಪನ ನಿಯಮ. ಅವರು ದುಬೈಯ ಮುಹೈಸ್ನಾದಲ್ಲಿ ಕಟ್ಟಡ ಕೆಲಸಗಾರರ ಕ್ಯಾಂಪೊಂದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಅಲ್ಲಿಯ ಮಾತಿನಲ್ಲಿ ಕ್ಯಾಂಪ್ ಬಾಸ್. ಕಂಪನಿಯ ಹೆಡ್ ಆಫೀಸು ಇದ್ದದ್ದು ಯುರೋಪಿನಲ್ಲಿ. ಅಲ್ಲಿಯವರು ಫ್ಯಾಕ್ಸಿನಲ್ಲಿ 'ಶುಕ್ರವಾರದೊಳಗೆ ಪಟ್ಟಿ ಕಳಿಸಿ' ಎಂದು ಬರೆಯುವರು, 'ಶುಕ್ರವಾರ ತಪಾಸಣೆ' ಎಂದು ಬರೆಯುವರು. ಆ ಕಾಲದಲ್ಲಿ ಎಮಿರೇಟ್ಸಿನಲ್ಲಿ ಶಾಲೆ, ಸರ್ಕಾರಿ ಕಚೇರಿಗಳಿಗೆ ಗುರುವಾರ, ಶುಕ್ರವಾರ ರಜೆ; ಅಪ್ಪನಂಥವರಿಗೆ ಬರೀ ಶುಕ್ರವಾರ. ವಾರ ಶುರುವಾಗುವುದೇ ಶನಿವಾರ. ಪಟ್ಟಿ ಶನಿವಾರ ಹೋಗುತ್ತಿತ್ತು, ತಪಾಸಣೆಯವನೂ ಶನಿವಾರವೇ ಬರುತ್ತಿದ್ದ, ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ಈ ನಿಯಮ ಅಪ್ಪನಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಕೈಕೊಟ್ಟದ್ದು ಒಂದೇ ಸಲ, ನನ್ನ ಪರೀಕ್ಷೆಯ ವಿಷಯದಲ್ಲಿ.

ನಾನು ಮತ್ತು ಅಮ್ಮ ಇದ್ದದ್ದು ಅಬುಧಾಬಿಯಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಅಮ್ಮ ಬನಿಯಾಸ್ ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆಳಗಿನ ಪಾಳಿಯಾದರೆ ಐದು ಗಂಟೆಗೇ ಸ್ಟಾಫ್ ಬಸ್ಸು ಹತ್ತಬೇಕು; ಮಧ್ಯಾಹ್ನದ ಪಾಳಿಯಾದರೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಹೊರಟಿರುತ್ತಿದ್ದರು. ನಾಲ್ಕನೇ ಕ್ಲಾಸಿನಿಂದ ಮನೆಯ ಬೀಗದ ಕೈ ನನ್ನ ಕೊರಳಿನಲ್ಲೇ ಇತ್ತು. ಬಾಗಿಲು ತೆಗೆದರೆ ಫ್ರಿಜ್ಜಿನ ಮೇಲೆ ಅಮ್ಮನ ಚೀಟಿ: ಅನ್ನ ಕುಕ್ಕರಿನಲ್ಲಿ ಉಂಟು, ಸಾರು ಬಿಸಿ ಮಾಡಿಕೋ, ಯಾರು ಬೆಲ್ ಮಾಡಿದರೂ ತೆಗೆಯಬೇಡ. ಎಂಟು ವರ್ಷದಲ್ಲಿ ಆ ಚೀಟಿಯ ಒಕ್ಕಣೆ ಹೆಚ್ಚೇನೂ ಬದಲಾಗಲಿಲ್ಲ. ಊಟ ಮಾಡುವಾಗ ಟಿ.ವಿ. ಹಾಕಿಡುತ್ತಿದ್ದೆ. ಅರಬಿಯ ವಾರ್ತೆ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೆ ಮನೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಎನ್ನುವಷ್ಟು ಸಾಕಿತ್ತು. ಕೆಳಗೆ ರೇಡಿಯೋ, ಟೇಪ್ ರೆಕಾರ್ಡರ್ ಮಾರುವ ಅಂಗಡಿ. ಅಲ್ಲಿಯವನು ಸ್ಪೀಕರ್ ಪರೀಕ್ಷಿಸಲು ಪ್ರತಿ ಸಂಜೆ ಒಂದೇ ಹಿಂದಿ ಹಾಡಿನ ಮೊದಲ ಎರಡು ಸಾಲು ಹಾಕಿ ನಿಲ್ಲಿಸಿಬಿಡುತ್ತಿದ್ದ. ಮೂರನೇ ಸಾಲು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಬರುತ್ತಿದ್ದದ್ದು ಗುರುವಾರ ಸಂಜೆ. ಶುಕ್ರವಾರ ಸಂಜೆ ಮತ್ತೆ ದುಬೈಗೆ. ಆ ಒಂದು ದಿನದಲ್ಲೂ ಅಮ್ಮನಿಗೆ ಡ್ಯೂಟಿ ಬೀಳುವುದೇ ಹೆಚ್ಚು. ನಾವು ಮೂವರೂ ಒಂದೇ ಮೇಜಿನ ಮುಂದೆ ಕೂತು ಬೆಳಗಿನ ತಿಂಡಿ ತಿಂದ ಶುಕ್ರವಾರಗಳು ವರ್ಷಕ್ಕೆ ಬೆರಳೆಣಿಕೆ. ಅಮ್ಮನ ಡ್ಯೂಟಿ ಪಟ್ಟಿ ತಿಂಗಳಿಗೊಮ್ಮೆ ಬಂದಾಗ ನಾನು ಮೊದಲು ನೋಡುತ್ತಿದ್ದದ್ದು ಶುಕ್ರವಾರದ ಕಾಲಂಗಳನ್ನು. ಅಲ್ಲಿ ರಜೆಯ ಗುರುತು ಕಂಡರೆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಡುತ್ತಿದ್ದೆ. ದೊಡ್ಡ ಗುರುತು ಹಾಕಲು ಭಯ. ಯಾರಾದರೂ ರಜೆ ಹಾಕಿದರೆ ಅಮ್ಮನನ್ನೇ ಕರೆಯುತ್ತಿದ್ದರು.

ಗಲ್ಫಿನಲ್ಲಿ ಬೆಳೆದ ನಮ್ಮಂಥ ಮಕ್ಕಳಿಗೆ ಹನ್ನೆರಡನೇ ಕ್ಲಾಸೆಂದರೆ ಒಂದು ಗಡಿ. ಅದು ದಾಟಿದ ಕೂಡಲೇ ಇಂಡಿಯಾ, ಹಾಸ್ಟೆಲು. ನನಗೂ ಮಂಗಳೂರಿನ ಒಂದು ಕಾಲೇಜೆಂದು ಮಾತಾಗಿತ್ತು. ಮಂಗಳೂರನ್ನು ನಾನು ನೋಡಿದ್ದು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ, ಅದೂ ನೆಂಟರ ಮನೆಯ ಸೋಫಾದ ಮೇಲೆ ಕೂತು. ಎಮಿರೇಟ್ಸಿನಲ್ಲೇ ಅಮೆರಿಕದ ಪದ್ಧತಿಯ ವಿಶ್ವವಿದ್ಯಾಲಯವೊಂದಿತ್ತು, ಆದರೆ ಅಲ್ಲಿ ಪದವಿಗೆ ನಾಲ್ಕು ವರ್ಷ. ನನ್ನ ಹನ್ನೆರಡನೇ ಕ್ಲಾಸು ಮುಗಿಯುವ ಹೊತ್ತಿಗೆ ಅಪ್ಪನಿಗೆ ಅರವತ್ತು ತುಂಬಲು ಉಳಿಯುವುದು ಮೂರೇ ವರ್ಷ. ಅರವತ್ತಾದ ದಿನ ಕಂಪನಿ ವೀಸಾ ರದ್ದು ಮಾಡುತ್ತದೆ, ಅಪ್ಪ ಹೊರಟರೆ ಅಮ್ಮನೂ ಹೊರಡುವುದು ಎಂದು ಯಾವತ್ತೋ ತೀರ್ಮಾನವಾಗಿತ್ತು. "ನೀನು ಕಾಲೇಜು ಸೇರಿ ಮೂರು ವರ್ಷ ಆದ ಮೇಲೆ ಇಲ್ಲಿ ನಮ್ಮದು ಖಲಾಸ್. ನಡುವಲ್ಲಿ ನಿನ್ನನ್ನು ಎಲ್ಲಿ ಬಿಟ್ಟು ಹೋಗುವುದು?" ಎಂದು ಅಮ್ಮ ಕೇಳಿದ್ದರು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹನ್ನೊಂದನೇ ಕ್ಲಾಸಿನಲ್ಲಿ. ಗಣಿತಕ್ಕೆ ಹೊಸದಾಗಿ ಬಂದ ಟೀಚರೊಬ್ಬರು ಒಂದು ಕರಪತ್ರ ಹಂಚಿದರು. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಮೊದಲ ವರ್ಷದ ಪಾಠ ಓದಿ ಅಮೆರಿಕದವರ ಪರೀಕ್ಷೆ ಬರೆಯಬಹುದು, ಪಾಸಾದರೆ ಆ ವಿಷಯಗಳನ್ನು ಕಾಲೇಜಿನಲ್ಲಿ ಮತ್ತೆ ಓದಬೇಕಿಲ್ಲ ಎಂದಿತ್ತು. ಅದರ ಪ್ರಯೋಜನಗಳೆಂದು ಉದ್ದಕ್ಕೆ ಬರೆದಿದ್ದರು: ಆತ್ಮವಿಶ್ವಾಸ ಬೆಳೆಯುತ್ತದೆ, ಸ್ವತಂತ್ರವಾಗಿ ಓದುವ ಅಭ್ಯಾಸವಾಗುತ್ತದೆ, ಹೀಗೆ. ನನ್ನ ಕಣ್ಣು ನಿಂತದ್ದು ಒಂದೇ ಸಾಲಿನ ಮೇಲೆ. ಪದವಿ ಬೇಗ ಮುಗಿಸಬಹುದು. ಟೀಚರು ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ ಕೇಳಿಯೇಬಿಟ್ಟರು. ಗಣಿತ, ಜೀವಶಾಸ್ತ್ರ ಎರಡರಲ್ಲೂ ಒಳ್ಳೆಯ ದರ್ಜೆ ಬಂದು, ಬೇಸಿಗೆ ತರಗತಿಗಳನ್ನೂ ಸೇರಿಸಿಕೊಂಡರೆ ಮೂರು ವರ್ಷಕ್ಕೆ ಮುಗಿಯುತ್ತದೆ. ಎರಡರಲ್ಲಿ ಒಂದು ಹೋದರೂ ಆಗುವುದಿಲ್ಲ. ಆ ದಿನದಿಂದ ನನಗೆ ಆ ಎರಡು ಪತ್ರಿಕೆಗಳೆಂದರೆ ಅಪ್ಪ, ಅಮ್ಮ ಮತ್ತು ಎಲೆಕ್ಟ್ರಾ ಸ್ಟ್ರೀಟಿನ ಮನೆ. ಮೂರು ವರ್ಷದ ಶುಕ್ರವಾರಗಳು.

ತರಗತಿ ಶುರುವಾದಾಗ ಆರು ಜನ ಹುಡುಗಿಯರಿದ್ದೆವು. ನಮ್ಮದು ಎರಡು ಪಾಳಿಯ ಶಾಲೆ, ಬೆಳಿಗ್ಗೆ ಹುಡುಗಿಯರಿಗೆ, ಮಧ್ಯಾಹ್ನ ಹುಡುಗರಿಗೆ. ನಮ್ಮ ಪಾಳಿ ಮುಗಿದ ಮೇಲೆ ಕ್ಲಾಸ್‌ರೂಮೆಲ್ಲ ಹುಡುಗರ ಪಾಲು. ಹಾಗಾಗಿ ರಸಾಯನಶಾಸ್ತ್ರದ ಲ್ಯಾಬಿನ ಪಕ್ಕದ ಸಾಮಾನಿನ ಕೋಣೆಯಲ್ಲಿ, ಬಾಟಲಿ, ಬರ್ನರುಗಳ ನಡುವೆ ನಮ್ಮ ಪಾಠ. ಮೊದಲ ತಿಂಗಳು ಮುಗಿಯುವಷ್ಟರಲ್ಲಿ ಮೂವರು ಬಿಟ್ಟರು, ಬೋರ್ಡ್ ಪರೀಕ್ಷೆಗೆ ಉಪಯೋಗವಿಲ್ಲವೆಂದು. ಮತ್ತಿಬ್ಬರು ಎಂಟ್ರೆನ್ಸ್ ಟ್ಯೂಷನ್ ಸೇರಿದರು. ಉಳಿದವಳು ನಾನೊಬ್ಬಳೇ. ಒಬ್ಬಳೇ ಉಳಿದೆನೆಂದು ಪಾಠ ನಿಲ್ಲಿಸಿಯಾರು ಎಂದು ಮರುದಿನ ಹೆದರುತ್ತಲೇ ಹೋದೆ. ಟೀಚರು ಐದು ಸ್ಟೂಲುಗಳನ್ನು ಗೋಡೆಗೆ ಒರಗಿಸಿಟ್ಟು, "ಈಗ ಜಾಗ ಜಾಸ್ತಿ ಆಯ್ತು ನೋಡು" ಎಂದರು.

ಆ ಪಾಠದ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಲ್ಲಿಯ ತನಕ ಶಾಲೆಯಲ್ಲಿ ಯಾರೂ ನನ್ನನ್ನು 'ನಿನಗೇನನ್ನಿಸುತ್ತದೆ' ಎಂದು ಕೇಳಿರಲಿಲ್ಲ. ಉತ್ತರ ಪುಸ್ತಕದಲ್ಲಿರುತ್ತದೆ, ಅದನ್ನು ಕಲಿತು ಒಪ್ಪಿಸುವುದು ನಮ್ಮ ಕೆಲಸ. ಈ ಟೀಚರು ಲೆಕ್ಕ ಬರೆದು ಸುಮ್ಮನೆ ಕೂತುಬಿಡುತ್ತಿದ್ದರು. ಹತ್ತು ನಿಮಿಷ, ಹದಿನೈದು ನಿಮಿಷ. ನಾನು ತಪ್ಪು ಮಾಡಿದರೂ ಬಾಯಿ ಬಿಡುವವರಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೊಂದು ದಿನ, ಕಿಟಕಿಯಾಚೆ ಕಟ್ಟುತ್ತಿದ್ದ ಕಟ್ಟಡದ ನೆರಳು ಸಂಜೆಗೆ ಎಷ್ಟು ವೇಗವಾಗಿ ಉದ್ದವಾಗುತ್ತದೆ ಎಂಬುದನ್ನು ನಾನೇ ಲೆಕ್ಕ ಹಾಕಿ, ಸ್ಕೇಲು ಹಿಡಿದು ನೆಲದ ಮೇಲೆ ಅಳೆದು, ಎರಡೂ ಹತ್ತಿರ ಹತ್ತಿರ ಬಂದಾಗ ಕುಣಿದಾಡುವಷ್ಟು ಖುಷಿಯಾಯಿತು. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಯಾರಿದ್ದರು? ಫ್ರಿಜ್ಜಿನ ಮೇಲಿನ ಚೀಟಿಯ ಹಿಂದೆ ಬರೆದಿಟ್ಟೆ. ಅಮ್ಮ ಅದರ ಕೆಳಗೆ 'ಗುಡ್, ಮೊಸರು ಮುಗಿದಿದೆ' ಎಂದು ಬರೆದು ಡ್ಯೂಟಿಗೆ ಹೋಗಿದ್ದರು.

ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ ಮುಗಿದ ವಾರವೇ ಗೆಳತಿಯರೆಲ್ಲ ಎಂಟ್ರೆನ್ಸ್ ಬರೆಯಲು ಇಂಡಿಯಾಕ್ಕೆ ಹಾರಿದರು. ನನ್ನ ಪರೀಕ್ಷೆ ಮೇ ತಿಂಗಳಲ್ಲಿ. ಏಪ್ರಿಲ್ ಇಡೀ ತಿಂಗಳು ಫೋನು ಮಾಡಿದ್ದು ಅಪ್ಪ, ಅಮ್ಮ ಮತ್ತು ತಪ್ಪು ನಂಬರಿನವರು ಮಾತ್ರ. ಒಬ್ಬಳೇ ಮಾತಾಡಿಕೊಳ್ಳುವುದನ್ನು ಆಗ ಕಲಿತೆ. ಪಾಠ ಮಾಡುವವರಿಲ್ಲದೆ ನಾನೇ ಕಲಿಯಬೇಕಿದ್ದ ಜೀವಶಾಸ್ತ್ರದ ದಪ್ಪ ಪುಸ್ತಕವನ್ನು ಗಟ್ಟಿಯಾಗಿ ಓದಿ, ನಾನೇ ಪ್ರಶ್ನೆ ಕೇಳಿ, ನಾನೇ ಉತ್ತರ ಹೇಳಿ, ತಪ್ಪಿದರೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಕೆಲವು ದಿನ ಸಂಜೆಯ ಹೊತ್ತಿಗೆ ಅಳು ಬರುತ್ತಿತ್ತು, ಕಾರಣವೇ ಇಲ್ಲದೆ. ಈಗ ಯೋಚಿಸಿದರೆ ಕಾರಣವಿತ್ತು. ಹದಿನೇಳು ವರ್ಷದವಳು ದಿನಕ್ಕೆ ಹನ್ನೆರಡು ಗಂಟೆ ಮನುಷ್ಯರ ಮುಖ ನೋಡದೆ ಇರಬಾರದು, ಅಷ್ಟೆ.

ಪರೀಕ್ಷಾ ಕೇಂದ್ರ ಊರಿನ ಅಮೆರಿಕನ್ ಶಾಲೆಯೊಂದರಲ್ಲಿ. ಎರಡು ಹಾಲ್ ಟಿಕೆಟು ಬಂದವು. ಗಣಿತ ಬುಧವಾರ, ಜೀವಶಾಸ್ತ್ರ ಶುಕ್ರವಾರ, ಎರಡೂ ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆ. ಅಪ್ಪ ಆ ವಾರ ಬಂದಾಗ ಕನ್ನಡಕ ಹಾಕಿಕೊಂಡು ಓದಿ, ಪೆನ್ನು ತೆಗೆದು, ಕ್ಯಾಲೆಂಡರಿನ ಶನಿವಾರದ ಮನೆಯಲ್ಲಿ 'ಬಯಾಲಜಿ' ಎಂದು ಬರೆದರು.

"ಅಪ್ಪ, ಫ್ರೈಡೇ ಅಂತಿದೆ," ಎಂದೆ.

"ಅದು ಅಮೆರಿಕದವರ ಫ್ರೈಡೇ. ಅಲ್ಲಿ ಎಲ್ಲರಿಗೂ ಒಂದೇ ಪೇಪರಲ್ಲಿ ಪ್ರಿಂಟ್ ಮಾಡಿ ಕಳಿಸ್ತಾರೆ. ಈ ದೇಶದಲ್ಲಿ ಫ್ರೈಡೇ ಯಾವ ಶಾಲೆ ತೆಗೀತಾರೆ ಹೇಳು ನೋಡುವ? ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೇನೆ ಮಾರಾಯ್ತಿ, ಅವರ ಫ್ರೈಡೇ ಅಂದ್ರೆ ನಮ್ಮ ಸಾಟರ್ಡೇ."

ಆ ಮಾತಿನಲ್ಲಿ ಎಷ್ಟು ಖಾತ್ರಿಯಿತ್ತೆಂದರೆ ನಾನೂ ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ. ನಾನು ಹುಟ್ಟಿದ್ದು ಬೆಳೆದದ್ದು ಶುಕ್ರವಾರ ಎಲ್ಲ ಬಾಗಿಲೂ ಮುಚ್ಚಿರುವ ಊರಿನಲ್ಲಿ.

ಬುಧವಾರ ಗಣಿತದ ಪತ್ರಿಕೆ ಬರೆದೆ. ದೊಡ್ಡ ಹಾಲು, ತಣ್ಣಗಿನ ಗಾಳಿ, ಸುತ್ತ ಒಬ್ಬರನ್ನೊಬ್ಬರು ಬಲ್ಲ ಹುಡುಗ ಹುಡುಗಿಯರು. ನನ್ನನ್ನು ಬಲ್ಲವರು ಯಾರೂ ಇಲ್ಲ. ಆದರೆ ಪ್ರಶ್ನೆಗಳನ್ನು ನಾನು ಬಲ್ಲೆ. ಒಂದೊಂದೂ ಪರಿಚಯದ ಮುಖದಂತೆ ಕಂಡಿತು. ಹನ್ನೊಂದೂವರೆಗೆ ಪತ್ರಿಕೆ ಒಪ್ಪಿಸಿದಾಗ ಮೇಲ್ವಿಚಾರಕಿ, ಚಿಕ್ಕ ಕೂದಲಿನ ಅಮೆರಿಕನ್ ಮಹಿಳೆ, ಎದ್ದು ನಿಂತು ಸ್ಪಷ್ಟವಾಗಿ ಹೇಳಿದರು: ಜೀವಶಾಸ್ತ್ರ ಬರೆಯುವವರು ಶುಕ್ರವಾರ ಹಿಂದಿನ ಗೇಟಿನಿಂದ ಬನ್ನಿ, ರಜೆಯಾದ್ದರಿಂದ ಮುಂದಿನ ಗೇಟು ಮುಚ್ಚಿರುತ್ತದೆ.

ಅಪ್ಪನ ನಿಯಮ ತಪ್ಪಿದೆ, ಸದ್ಯ ಮೊದಲೇ ತಿಳಿಯಿತಲ್ಲ ಎಂದುಕೊಂಡು ಮನೆಗೆ ಬಂದೆ. ಆ ದಿನ ಅಮ್ಮ ಮಧ್ಯಾಹ್ನದ ಪಾಳಿಗೆ ಹೋಗಿ ಆಗಿತ್ತು. ಫ್ರಿಜ್ಜಿನ ಮೇಲೆ ಚೀಟಿಯಿತ್ತು. ಅನ್ನ, ಸಾರು, ಬಾಗಿಲು; ಅದರ ಕೆಳಗೆ ಅಂದು ಒಂದು ಹೊಸ ಸಾಲು: 'ಫ್ರೈಡೇ ನನಗೆ ಆಫ್ ಸಿಕ್ಕಿತು. ಅಪ್ಪ ಖೋರ್ ಫಕ್ಕಾನ್ ಹೋಗುವ ಅಂತಿದ್ದಾರೆ. ಸಾಟರ್ಡೇ ಪರೀಕ್ಷೆ ಅಲ್ವಾ, ಬೇಡ ಅಂತ ನಾನು. ನೀನು ಎಂತ ಹೇಳ್ತಿ?'

ಖೋರ್ ಫಕ್ಕಾನಿಗೆ ಹೋಗೋಣವೆಂದು ನಾನು ಐದು ವರ್ಷದಿಂದ ಗೋಗರೆಯುತ್ತಿದ್ದೆ. ಅಬುಧಾಬಿಯ ಕಡಲಿನಲ್ಲಿ ಅಲೆಯಿಲ್ಲ. ಅದು ತಟ್ಟೆಯಲ್ಲಿಟ್ಟ ನೀರಿನ ಹಾಗೆ ಸುಮ್ಮನಿರುತ್ತದೆ. ಪೂರ್ವದ ಕರಾವಳಿಯ ಖೋರ್ ಫಕ್ಕಾನಿನಲ್ಲಿ ಅಲೆ ಬರುತ್ತದೆ, ಅದು ನಮ್ಮೂರಿನದೇ ಕಡಲು, ಈಚೆಯ ದಡ ಅಷ್ಟೆ ಎಂದು ಅಪ್ಪ ಹೇಳುತ್ತಿದ್ದರು. ಪ್ರತಿ ಸಲವೂ ಅಮ್ಮನ ಡ್ಯೂಟಿಯೋ ಅಪ್ಪನ ಕ್ಯಾಂಪೋ ಅಡ್ಡ ಬಂದು ತಪ್ಪಿಹೋಗುತ್ತಿತ್ತು.

ಸಂಜೆ ಮತ್ತೆ ಚೀಟಿ ಹಿಡಿದು ಅಡುಗೆಮನೆಯಲ್ಲಿ ನಿಂತೆ. ಕೆಳಗಿನಿಂದ ಹಾಡಿನ ಎರಡು ಸಾಲು ಬಂದು ನಿಂತಿತು. ಆಮೇಲೆ ಪೆನ್ನು ತೆಗೆದು ಬರೆದೆ: 'ಹೋಗೋಣ. ಓದಿ ಆಗಿದೆ.'

ಗುರುವಾರ ಮಧ್ಯಾಹ್ನ ಮುಹೈಸ್ನಾದಿಂದ ಅಪ್ಪನ ಫೋನು ಬಂತು. ಅಮ್ಮನ ಸಮಾಧಾನಕ್ಕೆಂದು ಅವರು ಅಮೆರಿಕನ್ ಶಾಲೆಗೆ ಫೋನು ಮಾಡಿದ್ದರಂತೆ. ಗುರುವಾರವೂ ಶಾಲೆಗೆ ರಜೆ. ಫೋನು ಎತ್ತಿದ್ದು ವಾಚ್‌ಮನ್. "ಕಲ್ ಛುಟ್ಟೀ, ಸಬ್ ಬಂದ್, ಸಾಟರ್ಡೇ ಆಓ ಅಂತ ಹೇಳಿದ," ಎಂದರು ಅಪ್ಪ, ಗೆದ್ದವರ ದನಿಯಲ್ಲಿ. "ನಾನು ಹೇಳ್ಲಿಲ್ವಾ? ಇನ್ನು ಎಂತ ಹೆದರಿಕೆ? ಸಾಟರ್ಡೇ ನಾನೇ ಕರ್ಕೊಂಡು ಹೋಗ್ತೇನೆ, ಅರ್ಧ ದಿನ ರಜೆ ಹಾಕಿ ಆಯ್ತು."

ನಾನು "ಸರಿ ಅಪ್ಪ" ಎಂದೆ.

ಆ ಎರಡು ಶಬ್ದ ಹೇಳುವಾಗ ನನ್ನ ಮನಸ್ಸಿನಲ್ಲಿ ಏನಿತ್ತೆಂದು ಎಷ್ಟೋ ಸಲ ಕೆದಕಿ ನೋಡಿದ್ದೇನೆ. ವಾಚ್‌ಮನ್ ಹೇಳಿದ್ದೇ ಸರಿಯಿರಬಹುದು ಎಂದು ನನ್ನನ್ನು ನಾನೇ ನಂಬಿಸಿಕೊಂಡೆನೆಂದು ಬಹಳ ವರ್ಷ ಹೇಳಿಕೊಂಡೆ. ಸುಳ್ಳು. ಹಿಂದಿನ ಗೇಟು ಎಂದದ್ದು ನನ್ನ ಕಿವಿಯಲ್ಲೇ ಇತ್ತು. ಟೀಚರ ಮನೆಯ ನಂಬರು ಗೋಡೆಯ ಮೇಲೆ ಬರೆದಿತ್ತು. ನನಗೆ ಆ ಶುಕ್ರವಾರ ಬೇಕಿತ್ತು. ಮುಂದಿನ ಮೂರು ವರ್ಷದ ಶುಕ್ರವಾರಗಳಿಗಾಗಿ ಎರಡು ವರ್ಷ ಒಂಟಿಯಾಗಿ ಕೂತು ಓದಿದವಳಿಗೆ, ಕೈಗೆ ಬಂದ ಒಂದು ಶುಕ್ರವಾರವನ್ನು ಬಿಡಲಾಗಲಿಲ್ಲ. ಅಂಥ ಹೊಟ್ಟೆಬಾಕತನ ಅದು.

ಶುಕ್ರವಾರ ಬೆಳಿಗ್ಗೆ ಆರಕ್ಕೇ ಹೊರಟೆವು. ಅಮ್ಮ ಇಡ್ಲಿ, ಚಟ್ನಿ ಕಟ್ಟಿಕೊಂಡಿದ್ದರು. ನಾನು ಜೀವಶಾಸ್ತ್ರದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಿದ್ದೆ, ತೋರಿಕೆಗೆ. ಎಂಟು ಗಂಟೆಗೆ ನಾವು ಎಲ್ಲೋ ಮರಳುಗಾಡಿನ ನಡುವೆ ಇದ್ದೆವು. ಕಾರಿನ ಗಡಿಯಾರ ನೋಡಬಾರದೆಂದುಕೊಂಡು ನೋಡಿದೆ. ಎಂಟು ದಾಟಿದ ಮೇಲೆ, ವಿಚಿತ್ರವೆಂದರೆ, ಮನಸ್ಸು ಹಗುರಾಯಿತು. ಇನ್ನು ಮಾಡುವುದಕ್ಕೇನೂ ಇರಲಿಲ್ಲ.

ಖೋರ್ ಫಕ್ಕಾನಿನಲ್ಲಿ ಅಲೆ ನಿಜವಾಗಿಯೂ ಇತ್ತು. ಅಪ್ಪ ಪ್ಯಾಂಟು ಮಡಚಿ ನೀರಿಗಿಳಿದು, ಅಮ್ಮನನ್ನು ಕೈ ಹಿಡಿದು ಎಳೆದರು. ಅಮ್ಮ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಕ್ಕು ನಕ್ಕು ನೀರಿನಲ್ಲೇ ಕೂತುಬಿಟ್ಟರು. "ಇವಳಿಗೆ ಡ್ಯೂಟಿ ಶೂ ಬಿಟ್ರೆ ಬೇರೆ ಕಾಲೇ ಇಲ್ಲ ಅಂತ ತಿಳ್ಕೊಂಡಿದ್ದೆ," ಎಂದು ಅಪ್ಪ ಗೇಲಿ ಮಾಡಿದರು. ಮರದ ನೆರಳಿನಲ್ಲಿ ಚಾಪೆ ಹಾಸಿ, ಅಲ್ಲೇ ಹುರಿಸಿ ತಂದ ಮೀನು ತಿಂದೆವು. ಅಪ್ಪ ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕಿದರು, ನಾನು ಐದು ವರ್ಷದವಳೆಂಬಂತೆ. ಸೆಖೆ ವಿಪರೀತವಿತ್ತು. ಯಾರೂ ಹೋಗೋಣವೆನ್ನಲಿಲ್ಲ. ನನಗೆ ನೆನಪಿರುವಂತೆ ಅಷ್ಟು ಸುಖವಾದ ದಿನ ನಮ್ಮ ಮನೆಯಲ್ಲಿ ಮತ್ತೊಂದಿಲ್ಲ.

ಹಿಂದಿರುಗುವಾಗ ಅಮ್ಮ, "ನಾಳೆಗೆ ಎಲ್ಲ ನೆನಪುಂಟಾ?" ಎಂದು ಕೇಳಿದರು. ನಾನು ಕಣ್ಣು ಮುಚ್ಚಿಕೊಂಡೆ. ಅಪ್ಪ ರೇಡಿಯೋ ಬಂದ್ ಮಾಡಿದ್ದು ಕೇಳಿಸಿತು. "ಮಲಗಲಿ," ಎಂದರು ಮೆಲ್ಲಗೆ. ಅಬುಧಾಬಿ ಮುಟ್ಟುವ ತನಕ ಇಬ್ಬರೂ ಪಿಸುಮಾತಿನಲ್ಲೇ ಮಾತಾಡಿದರು. ನಾನು ಕಣ್ಣು ತೆರೆಯಲಿಲ್ಲ.

ಶನಿವಾರ ಬೆಳಿಗ್ಗೆ ಏಳೂವರೆಗೆ ಶಾಲೆಯ ಮುಂದಿನ ಗೇಟು ತೆರೆದೇ ಇತ್ತು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ಆಫೀಸಿನಲ್ಲಿ ಆ ಚಿಕ್ಕ ಕೂದಲಿನ ಮೇಲ್ವಿಚಾರಕಿಯೇ ಕೂತಿದ್ದರು. ಹಾಲ್ ಟಿಕೆಟು ನೋಡಿ, ಪರೀಕ್ಷೆ ನಿನ್ನೆ ಆಯಿತು, ನಿನಗಾಗಿ ಹಿಂದಿನ ಗೇಟನ್ನು ಅರ್ಧ ಗಂಟೆ ಹೆಚ್ಚು ತೆರೆದಿಟ್ಟಿದ್ದೆವು ಎಂದರು. ಅಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಟಿಕೆಟನ್ನು ಕೈಗೆ ತೆಗೆದುಕೊಂಡು ದಿನದ ಸಾಲನ್ನು ಓದಿದರು.

"ಮೇಡಂ, ಮೈ ಮಿಸ್ಟೇಕ್," ಎಂದರು. "ಓನ್ಲಿ ಮೈ ಮಿಸ್ಟೇಕ್. ಶೀ ಈಸ್ ಗುಡ್ ಗರ್ಲ್, ಮೇಡಂ. ಟೂ ಇಯರ್ಸ್ ಶೀ ಈಸ್ ಸ್ಟಡೀಯಿಂಗ್ ಅಲೋನ್."

ನೂರಾರು ಕೆಲಸಗಾರರನ್ನು ಒಂದೇ ದನಿಗೆ ಸಾಲು ನಿಲ್ಲಿಸುತ್ತಿದ್ದ ಮನುಷ್ಯ ಕೈ ಜೋಡಿಸಿ ನಿಂತಿದ್ದರು. ಆ ಮಹಿಳೆ ಅಪ್ಪನನ್ನು ಬಿಟ್ಟು ನನ್ನ ಮುಖ ನೋಡಿದರು. ಬುಧವಾರ ನಾನು ಮೊದಲ ಸಾಲಿನಲ್ಲೇ ಕೂತಿದ್ದೆ; ಅವರಿಗೆ ನೆನಪಿತ್ತು, ಆ ನೋಟದಲ್ಲೇ ತಿಳಿಯಿತು. ನಾನು ತಲೆ ತಗ್ಗಿಸಿದೆ. ಮರುಪರೀಕ್ಷೆ ಕಾಯಿಲೆ ಬಿದ್ದವರಿಗೆ ಮಾತ್ರ, ಇನ್ನು ಬರುವ ವರ್ಷವೇ ಎಂದಷ್ಟೇ ಅವರು ಹೇಳಿದರು. ಬೇರೇನೂ ಹೇಳಲಿಲ್ಲ. ಅಂಥ ದೊಡ್ಡ ಉಪಕಾರವನ್ನು ನನಗೆ ಆಮೇಲೆ ಯಾರೂ ಮಾಡಿಲ್ಲ, ಅದು ಉಪಕಾರವೇ ಆಗಿತ್ತೇ ಎಂಬ ಅನುಮಾನವೂ ಹೋಗಿಲ್ಲ.

ಕಾರಿನಲ್ಲಿ ಅಪ್ಪ ಹಾಲ್ ಟಿಕೆಟನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಇಟ್ಸ್ ಓಕೆ ಅಪ್ಪ," ಎಂದೆ. ನಿಜ ಹೇಳಲು ಅದೇ ಸಮಯವಾಗಿತ್ತು. ಸೀಟ್ ಬೆಲ್ಟು ಹಾಕಿಕೊಂಡೆ.

ಜುಲೈಯಲ್ಲಿ ಗಣಿತದ ಫಲಿತಾಂಶ ಅಂಚೆಪೆಟ್ಟಿಗೆಗೆ ಬಂತು. ಐದಕ್ಕೆ ಐದು. ಟೀಚರು ಫೋನಿನಲ್ಲಿ ಅತ್ತರು. ಒಂದೇ ಪತ್ರಿಕೆಯಿಂದ ಪದವಿ ಮೂರು ವರ್ಷಕ್ಕೆ ಮುಗಿಯುತ್ತಿರಲಿಲ್ಲ. ಮುಂದಿನ ತಿಂಗಳು ನಾನು ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ.

ಕರಪತ್ರದಲ್ಲಿ ಬರೆದ ಪ್ರಯೋಜನಗಳೆಲ್ಲ ಅಲ್ಲಿ ಒಂದೊಂದಾಗಿ ಸಿಕ್ಕಿದವು, ಅದೇ ತಮಾಷೆ. ಮೊದಲ ವರ್ಷದ ಗಣಿತ ನನಗೆ ಕಲಿತು ಮುಗಿದದ್ದು. ಲೆಕ್ಚರರು ತಪ್ಪು ಬರೆದರೆ ನನ್ನ ಕೈ ತಾನಾಗಿ ಮೇಲೇಳುತ್ತಿತ್ತು. ಅದರಿಂದ ಅವರಿಗೆ ನನ್ನ ಮೇಲೆ ಪ್ರೀತಿ ಹೆಚ್ಚಿತೆಂದು ಹೇಳಲಾರೆ. ಹಾಸ್ಟೆಲಿನ ಹುಡುಗಿಯರು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದರು, ಲೆಕ್ಕ ಮುಗಿದ ಕೂಡಲೇ ತಮ್ಮ ತಮ್ಮ ಗುಂಪಿಗೆ ಹೋಗುತ್ತಿದ್ದರು. ಅವರಿಗೆ ನಾನು ಗಲ್ಫಿನವಳು, ಒಂಥರಾ ಕನ್ನಡದವಳು. ಸ್ವತಂತ್ರವಾಗಿ ಓದುವ ಅಭ್ಯಾಸವಾಗುತ್ತದೆ ಎಂದಿದ್ದರಲ್ಲ, ಅದಂತೂ ಬೇಕಾದಷ್ಟಾಗಿತ್ತು. ಭಾನುವಾರ ಎಲ್ಲರ ಮನೆಯವರು ನೋಡಲು ಬರುವ ಹೊತ್ತಿಗೆ ನಾನು ಜೀವಶಾಸ್ತ್ರದ ಅದೇ ಹಳೆಯ ಪುಸ್ತಕ ತೆರೆದು ಕೂರುತ್ತಿದ್ದೆ. ಅದರ ಬೆನ್ನಿನ ಸಂದಿಯಲ್ಲಿ ಮರಳು ಉಳಿದಿತ್ತು. ಪುಟ ತಿರುಗಿಸಿದರೆ ಒಂದೆರಡು ಕಣ ಹಾಸಿಗೆಯ ಮೇಲೆ ಬೀಳುತ್ತಿತ್ತು. ಮನೆಗೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ, ಒಂದು ತಿಂಗಳು.

ಆದರೆ ಬದಲಾದದ್ದು ಅಪ್ಪ. ಅಷ್ಟು ಖಾತ್ರಿಯ ಮನುಷ್ಯ ಆಮೇಲೆ ಯಾವ ದಿನವನ್ನೂ ನಂಬಲಿಲ್ಲ. ಕ್ಯಾಂಪಿಗೆ ಬಂದ ಫ್ಯಾಕ್ಸನ್ನು ಮೂರು ಜನರಿಗೆ ತೋರಿಸಿ ಕೇಳುತ್ತಾರೆಂದು ಅಮ್ಮ ಹೇಳಿದರು. ನನ್ನ ವಿಮಾನದ ಟಿಕೆಟು ಮಾಡಿಸಿದಾಗಲೆಲ್ಲ ಹಾಸ್ಟೆಲಿಗೆ ಫೋನು. "ಟಿಕೆಟಲ್ಲಿ ಥರ್ಸ್‌ಡೇ ಅಂತ ಉಂಟು. ಥರ್ಸ್‌ಡೇ ಅಂದ್ರೆ ಥರ್ಸ್‌ಡೇಯೇ ಅಲ್ವಾ ಮಗಾ? ನೀನೊಮ್ಮೆ ಸರಿ ನೋಡು." ನೆಂಟರು ಮಕ್ಕಳ ಓದಿನ ಮಾತೆತ್ತಿದರೆ, "ನನ್ನಿಂದ ಇವಳ ದಾರಿ ತಪ್ಪಿತು," ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಇನ್ನೊಬ್ಬರು ಹೊತ್ತ ತಪ್ಪು ನಮ್ಮದೆಂದು ಗೊತ್ತಿದ್ದೂ ಸುಮ್ಮನಿರುವವರಿಗೆ ಒಂದು ಬಗೆಯ ಒಂಟಿತನವಿದೆ. ಖಾಲಿ ಮನೆಯ ಒಂಟಿತನ ಅದರ ಮುಂದೆ ಏನೂ ಅಲ್ಲ.

ಮೂರು ವರ್ಷ ಕಳೆದು ಅಪ್ಪನಿಗೆ ಅರವತ್ತಾಯಿತು. ನನ್ನ ಕೊನೆಯ ಪರೀಕ್ಷೆ ಮುಗಿದಿತ್ತು. ಮನೆ ಖಾಲಿ ಮಾಡಲು ನೆರವಾಗೋಣವೆಂದು ಅಬುಧಾಬಿಗೆ ಹೋದೆ. ಹಡಗಿನ ಕಾರ್ಗೋಗೆ ಕಳಿಸುವ ರಟ್ಟಿನ ಪೆಟ್ಟಿಗೆಗಳು ಮನೆ ತುಂಬ. ಒಂದು ಮಧ್ಯಾಹ್ನ ಅಮ್ಮ ಆಸ್ಪತ್ರೆಯಲ್ಲಿ ತಮ್ಮ ಕೊನೆಯ ಪಾಳಿಯಲ್ಲಿದ್ದರು. ಅಪ್ಪ ಮತ್ತು ನಾನು ಕಾಗದ ಪತ್ರ ವಿಂಗಡಿಸುತ್ತಿದ್ದೆವು. ಪಾಸ್‌ಪೋರ್ಟಿನ ಪ್ರತಿಗಳು, ವೀಸಾದ 'ಕ್ಯಾನ್ಸಲ್' ಮುದ್ರೆಯ ಕಾಗದ, ಇವುಗಳ ನಡುವಿನ ಪ್ಲಾಸ್ಟಿಕ್ ಕವರಿನಿಂದ ಅಪ್ಪ ನನ್ನ ಆ ಹಾಲ್ ಟಿಕೆಟು ತೆಗೆದರು. ಅದನ್ನು ಇಷ್ಟು ಕಾಲ ಜೋಪಾನವಾಗಿ ಇಟ್ಟಿದ್ದರೆಂದು ನನಗೆ ಗೊತ್ತಿರಲಿಲ್ಲ.

"ಇದನ್ನು ಬಿಸಾಡುವುದಾ?" ಎಂದು ಕೇಳಿದರು, ನನ್ನ ಮುಖ ನೋಡದೆ.

"ಅಪ್ಪ, ಅದು ಶುಕ್ರವಾರ ಅಂತ ನನಗೆ ಗೊತ್ತಿತ್ತು," ಎಂದೆ. "ಬುಧವಾರವೇ ಗೊತ್ತಿತ್ತು. ಹಿಂದಿನ ಗೇಟಿಂದ ಬನ್ನಿ ಅಂತ ಎಲ್ಲರಿಗೂ ಹೇಳಿದ್ದರು. ನಿಮ್ಮ ತಪ್ಪಲ್ಲ. ಮೂವರೂ ಒಟ್ಟಿಗೆ ಹೋಗುವುದು ತಪ್ಪಿಹೋಗುತ್ತೆ ಅಂತ ನಾನೇ ಹೇಳಲಿಲ್ಲ."

ಅಪ್ಪ ಟಿಕೆಟನ್ನು ಹಿಡಿದುಕೊಂಡೇ ಇದ್ದರು. ಬೈಯಲಿ, ಒಂದು ಏಟು ಹಾಕಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟು ಒಳ್ಳೆಯದಿತ್ತು.

"ಹಾಗಾದ್ರೆ ಕಾರಲ್ಲಿ ನಿನಗೆ ನಿದ್ದೆ ಬಂದಿರ್ಲಿಲ್ಲ," ಎಂದರು.

"ಇಲ್ಲ."

ಅವರು ಕನ್ನಡಕ ಹಾಕಿಕೊಂಡು ಟಿಕೆಟನ್ನು ಮತ್ತೊಮ್ಮೆ ಓದಿದರು, ದಿನದ ಸಾಲನ್ನಲ್ಲ, ಅದರ ಕೆಳಗಿನ ವೇಳೆಯ ಸಾಲನ್ನು. ಬೆರಳಿಟ್ಟು ಓದಿದರು.

"ಹನ್ನೊಂದೂವರೆಗೆ ಮುಗೀತಿತ್ತಲ್ಲ ಮಗಾ," ಎಂದರು. "ಅಮ್ಮನಿಗೆ ಇಡೀ ದಿನ ಆಫ್ ಇತ್ತು. ಪರೀಕ್ಷೆ ಬರ್ದು ಬಂದ ಮೇಲೆ ಇಲ್ಲೇ ಕಾರ್ನಿಷ್ ಬೀಚಿಗಾದ್ರೂ ಹೋಗ್ಬಹುದಿತ್ತು. ಮೂರು ಜನವೂ ಇದ್ದೆವಲ್ಲ."

ಮೂರು ವರ್ಷದಲ್ಲಿ ಅದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಕಿಟಕಿಯಾಚೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಕಾರುಗಳು ಹಾರ್ನು ಹಾಕುತ್ತಿದ್ದವು. ಅಪ್ಪ ಟಿಕೆಟನ್ನು ಕವರಿನೊಳಕ್ಕೆ ಹಾಕಿ, ಊರಿಗೆ ಹೋಗುವ ಪೆಟ್ಟಿಗೆಯಲ್ಲಿಟ್ಟು, ಅಂಟುಪಟ್ಟಿಯ ತುದಿ ಹುಡುಕಿದರು. "ಇಲ್ಲಿ ಹಿಡ್ಕೋ," ಎಂದರು. ಪೆಟ್ಟಿಗೆಯ ಎರಡೂ ಅಂಚುಗಳನ್ನು ಒತ್ತಿ ಹಿಡಿದೆ.